ಕನ್ನಡ ಚಿತ್ರಗೀತೆ ಮತ್ತು ಅದರ ಧ್ವನಿಮುದ್ರಿಕೆಗಳು: ರಾಯಚೂರು ಸೀಮೆಯ ಕಡೆಯಿಂದ

ಚಲನಚಿತ್ರಕ್ಕೆಂದೇ ಬರೆದು, ರಾಗ ಹಾಕಿ, ಧ್ವನಿಮುದ್ರಿಸಿದ ಹಾಡಿಗೆ ಚಿತ್ರಗೀತೆ ಎನ್ನುತ್ತಾರೆ. ಸಿನಿಮಾ ಟಾಕೀಸಿನಿಂದ ಎತ್ತಂಗಡಿಯಾದ ಮೇಲೂ ಹಾಡು ಉಳಿಯುತ್ತದೆ. ಗ್ರಾಮಫೋನ್ ಪ್ಲೇಟು, ರೇಡಿಯೊ, ಕ್ಯಾಸೆಟ್ಟು, ಸಿ.ಡಿ., ಮೊಬೈಲು ಹೀಗೆ ಒಂದರ ನಂತರ ಒಂದು ವಾಹನ ಹತ್ತಿ ಊರೂರು ತಿರುಗುತ್ತದೆ. ಒಂದು ಚಿತ್ರದ ಹಾಡುಗಳನ್ನೆಲ್ಲ ಸೇರಿಸಿ ಮಾರಾಟಕ್ಕೆ ಬಿಟ್ಟ ಸಂಪುಟಕ್ಕೆ ಧ್ವನಿಮುದ್ರಿಕೆ, ಆಲ್ಬಂ, ಅಥವಾ ಜನರ ಬಾಯಲ್ಲಿ ಸುಮ್ಮನೆ ‘ಕ್ಯಾಸೆಟ್’ ಎಂದು ಹೆಸರು.

ಕನ್ನಡ ಚಿತ್ರಗೀತೆಯ ಇತಿಹಾಸವನ್ನು ಸಾಮಾನ್ಯವಾಗಿ ಬೆಂಗಳೂರು, ಮೈಸೂರು, ಮದ್ರಾಸುಗಳಿಂದ ಬರೆಯುವ ರೂಢಿ. ಈ ಲೇಖನ ರಾಯಚೂರು ತಾಲೂಕಿನ ಚಂದ್ರಬಂಡ ಹೋಬಳಿ, ಮಾನ್ವಿ, ದೇವದುರ್ಗಗಳ ಕಡೆಯಿಂದ ಅದನ್ನು ನೋಡುತ್ತದೆ. ಜಿಲ್ಲೆಯ ಪೂರ್ವದ ಗಡಿ ದಾಟಿದರೆ ತೆಲಂಗಾಣ, ತುಂಗಭದ್ರೆ ದಾಟಿದರೆ ಆಂಧ್ರಪ್ರದೇಶ. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಸುವ ಸೀಮೆ ಇದು. ಇಲ್ಲಿ ಕನ್ನಡದ ಹಾಡು ಪಕ್ಕದ ಅಂಗಡಿಯ ತೆಲುಗು ಹಾಡಿನೊಂದಿಗೂ ಹಿಂದಿ ಹಾಡಿನೊಂದಿಗೂ ಪೈಪೋಟಿ ಮಾಡಿಯೇ ಕಿವಿಗೆ ಬೀಳಬೇಕು. ಹಾಡನ್ನು ಹೊತ್ತು ತರುವ ಸಾಧನ ಬದಲಾದಾಗಲೆಲ್ಲ ಹಾಡಿನೊಳಗೆ ಯಾರ ಕನ್ನಡ ಇರಬೇಕೆಂಬುದೂ ಬದಲಾಗಿದೆ ಎಂಬುದು ಇಲ್ಲಿಂದ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಆರಂಭ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲಿ. ಮಾತು, ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ. ಆರ್. ನಾಗೇಂದ್ರರಾಯರು ನಟನೆಯ ಜೊತೆಗೆ ಸಂಗೀತದ ಹೊಣೆಯನ್ನೂ ಹೊತ್ತರು. ಅಂದಿನ ಹಾಡು ನಾಟಕ ಕಂಪನಿಯ ರಂಗಗೀತೆಯೇ. ಹಾಡಲು ಬಲ್ಲವರೇ ನಟರು, ಕ್ಯಾಮೆರಾದ ಮುಂದೆ ನಿಂತೇ ಹಾಡಬೇಕು. ಹಿನ್ನೆಲೆ ಗಾಯನ ಬಂದ ಮೇಲೆ ಮುಖ ಒಬ್ಬರದು, ಕಂಠ ಇನ್ನೊಬ್ಬರದು ಆಯಿತು.

ಆ ವರ್ಷ ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯದ ಭಾಗವಾಯಿತು. ಅಂದರೆ ಕನ್ನಡ ಚಿತ್ರರಂಗದ ಮೊದಲ ಎರಡು ದಶಕಗಳಲ್ಲಿ ಈ ಸೀಮೆ ಅದರ ಮಾರುಕಟ್ಟೆಯ ಹೊರಗೇ ಇತ್ತು ಎನ್ನಬಹುದು. ಆದರೆ ರೈಲು ಮಾತ್ರ ಮೊದಲೇ ಬಂದಿತ್ತು. ಬೊಂಬಾಯಿಯಿಂದ ಬಂದ ಹಳಿ, ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿಯೇ. ಮುಂದೆ ಕನ್ನಡ ಚಿತ್ರಗೀತೆಯೂ ಈ ಎರಡು ತುದಿಗಳ ನಡುವೆಯೇ ಬೆಳೆಯಿತು. ಧ್ವನಿಮುದ್ರಣ ಮದ್ರಾಸಿನ ಸ್ಟುಡಿಯೊಗಳಲ್ಲಿ, ವಾದ್ಯವೃಂದದ ಹೊಸ ಮಾದರಿಗಳು ಬಹುಮಟ್ಟಿಗೆ ಬೊಂಬಾಯಿಯವು. ವಿಜಯಭಾಸ್ಕರ್ ಕನ್ನಡಕ್ಕೆ ಬರುವ ಮುನ್ನ ಬೊಂಬಾಯಿಯಲ್ಲಿ ನೌಷಾದ್, ಮದನ್ ಮೋಹನ್ ಅವರ ಕೈಕೆಳಗೆ ಪಳಗಿದವರು.

ಪ್ಲೇಟಿನ ಕಾಲ

ನಿಮಿಷಕ್ಕೆ 78 ಸುತ್ತಿನ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರರಿಂದ ಮೂರೂವರೆ ನಿಮಿಷ. ಪಲ್ಲವಿ, ಎರಡು ಇಲ್ಲವೇ ಮೂರು ಚರಣ, ನಡುವೆ ಚಿಕ್ಕ ವಾದ್ಯಭಾಗ ಎಂಬ ಅಳತೆ ಗಟ್ಟಿಯಾದದ್ದಕ್ಕೆ ಕವಿಗಳ ಸಂಯಮಕ್ಕಿಂತ ಅರಗಿನ ಆ ತಟ್ಟೆಯೇ ಹೆಚ್ಚು ಕಾರಣ. ತಟ್ಟೆಯ ಕಾಲ ಮುಗಿದು ಎಷ್ಟೋ ವರ್ಷವಾದರೂ ಆ ಅಳತೆ ಪೂರ್ತಿ ಅಳಿಯಲಿಲ್ಲ. ಆಮೇಲೆ ನಾಲ್ಕು ಹಾಡಿನ ಚಿಕ್ಕ ಪ್ಲೇಟು, ಇಡೀ ಚಿತ್ರದ ಹಾಡುಗಳನ್ನು ಹಿಡಿಸುವ ದೊಡ್ಡ ಪ್ಲೇಟು ಬಂದವು. ಎಚ್.ಎಂ.ವಿ., ಕೊಲಂಬಿಯ, ಓಡಿಯನ್ ಹೆಸರಿನ ಈ ತಟ್ಟೆಗಳು ಮನೆಗಳಿಗಿಂತ ಹೋಟೆಲು, ಮೈಕ್ ಸೆಟ್ಟಿನ ಅಂಗಡಿಗಳಲ್ಲಿ ಹೆಚ್ಚು ತಿರುಗಿದವು. ಮದುವೆ, ಜಾತ್ರೆ, ಉರುಸುಗಳಲ್ಲಿ ಬೇವಿನ ಮರಕ್ಕೆ ಕಟ್ಟಿದ ಹಾರ್ನೇ ಹಳ್ಳಿಗೆ ಹಾಡು ಮುಟ್ಟಿಸಿದ್ದು.

ಸಂಗೀತ ನಿರ್ದೇಶಕರ ಮೊದಲ ಗಟ್ಟಿ ಪೀಳಿಗೆ ಐವತ್ತರ ದಶಕದ್ದು. ಮೈಸೂರಿನ ಸೋದರರಾದ ರಾಜನ್–ನಾಗೇಂದ್ರ 1953ರ ‘ಸೌಭಾಗ್ಯಲಕ್ಷ್ಮಿ’ಯಿಂದ ಆರಂಭಿಸಿದರು. 1954ರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ಅವರನ್ನು ನಾಯಕನಾಗಿ ನಿಲ್ಲಿಸಿತು. ಅದರ ಸಂಗೀತ ಆರ್. ಸುದರ್ಶನಂ ಅವರದು. ಟಿ.ಜಿ. ಲಿಂಗಪ್ಪ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ಎಂ. ರಂಗರಾವ್, ಸತ್ಯಂ, ಒಡಿಶಾದಿಂದ ಬಂದ ಉಪೇಂದ್ರಕುಮಾರ್ ಮುಂದಿನ ಮೂರು ದಶಕ ಆಳಿದರು. ಸಾಹಿತ್ಯದಲ್ಲಿ ಹುಣಸೂರು ಕೃಷ್ಣಮೂರ್ತಿ, ಕು.ರ. ಸೀತಾರಾಮಶಾಸ್ತ್ರಿ, ಕಣಗಾಲ್ ಪ್ರಭಾಕರಶಾಸ್ತ್ರಿ, ಜಿ.ವಿ. ಅಯ್ಯರ್, ವಿಜಯನಾರಸಿಂಹ, ಗೀತಪ್ರಿಯ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್.

ಈ ಕಾಲದ ಒಂದು ಸಂಗತಿ ಗಡಿನಾಡಿನವರಿಗೆ ಬೇಗ ಹೊಳೆಯುವಂಥದ್ದು. ಕನ್ನಡದ ಕಿವಿಯನ್ನು ಆಳಿದ ಕಂಠಗಳಲ್ಲಿ ಹೆಚ್ಚಿನವು ತೆಲುಗು ನಾಡಿನವು. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಎಸ್. ಜಾನಕಿ ಗುಂಟೂರು ಸೀಮೆಯವರು, ಪಿ. ಸುಶೀಲಾ ವಿಜಯನಗರಂನವರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರು ಜಿಲ್ಲೆಯವರು. ಹೈದರಾಬಾದಿನಲ್ಲಿ ಹುಟ್ಟಿದ ಜಿ.ಕೆ. ವೆಂಕಟೇಶ್ ಅವರದೂ ತೆಲುಗು ಮನೆತನ. ಇವರು ಕನ್ನಡವನ್ನು ಉಚ್ಚಾರ ತಪ್ಪದಂತೆ, ಅಕ್ಷರ ಅಕ್ಷರ ಬಿಡಿಸಿ ಹಾಡಿದರು. ಹಾಗೆ ಬಿಡಿಸಿ ಹಾಡಿದ್ದರಿಂದಲೇ ಮನೆಯಲ್ಲಿ ತೆಲುಗು ಆಡುವ ಚಂದ್ರಬಂಡದ ಕಡೆಯವನಿಗೂ, ಉರ್ದು ಆಡುವ ರಾಯಚೂರು ಪೇಟೆಯವನಿಗೂ ಅದು ತಿಳಿಯಿತು. ಎರಡು ಭಾಷೆಯ ಸಂಸಾರ ಈ ಹಾಡಿನ ಹುಟ್ಟಿನಲ್ಲೇ ಇದ್ದಿತು ಎನ್ನುವುದನ್ನು ಭಾಷಾಭಿಮಾನದ ಭರದಲ್ಲಿ ಮರೆಯುವವರುಂಟು.

1960ರ ‘ಭಕ್ತ ಕನಕದಾಸ’ದಲ್ಲಿ ಎಂ. ವೆಂಕಟರಾಜು ಸಂಗೀತಕ್ಕೆ ಹಾಡಿದ ಪಿ.ಬಿ. ಶ್ರೀನಿವಾಸ್ ಆಮೇಲೆ ರಾಜ್‌ಕುಮಾರರ ಕಂಠವೇ ಆಗಿಬಿಟ್ಟರು. ಈ ಚಿತ್ರ ರಾಯಚೂರಿನವರಿಗೆ ಹೊರಗಿನದಲ್ಲ. ದಾಸ ಸಾಹಿತ್ಯದ ಎರಡನೆಯ ಘಟ್ಟ ಬೆಳೆದದ್ದೇ ಇಲ್ಲಿ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯವರು, ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು, ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಮಾನ್ವಿಯವರು. ಭಜನೆಯಲ್ಲಿ, ಏಕತಾರಿಯ ಜೊತೆ ಹಾಡುತ್ತಿದ್ದ ಪದಗಳು ತಬಲ, ಪಿಟೀಲುಗಳ ಮೇಳದೊಂದಿಗೆ ಲೌಡ್‌ಸ್ಪೀಕರಿನಿಂದ ಬಂದಾಗ ಜನ ಅದನ್ನು ಸಿನಿಮಾ ಹಾಡು ಎಂದು ದೂರ ಇಡಲಿಲ್ಲ. 1966ರ ‘ಮಂತ್ರಾಲಯ ಮಹಾತ್ಮೆ’ ಇನ್ನೂ ಹತ್ತಿರದ್ದು. ರಾಜನ್–ನಾಗೇಂದ್ರ ಸಂಗೀತದ ಈ ಚಿತ್ರದಲ್ಲಿ ರಾಘವೇಂದ್ರ ಸ್ವಾಮಿಗಳ ರಚನೆಯೆಂದು ಪ್ರಸಿದ್ಧವಾದ ಕೀರ್ತನೆಯೊಂದನ್ನು ಪಿ.ಬಿ. ಶ್ರೀನಿವಾಸ್ ಹಾಡಿದ್ದಾರೆ. ಮಂತ್ರಾಲಯ ರಾಯಚೂರು ಜಿಲ್ಲೆಗೆ ಹೊಳೆಯಾಚೆಯ ಊರು. ಭಕ್ತಿಯ ಪ್ಲೇಟಿಗೂ ಸಿನಿಮಾ ಪ್ಲೇಟಿಗೂ ಇಲ್ಲಿ ಗೆರೆ ಎಳೆಯುವುದು ಕಷ್ಟ. ವಚನಗಳಿಗೂ ಇದೇ ಮಾತು ಸಲ್ಲುತ್ತದೆ. 1961ರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಅಕ್ಕಮಹಾದೇವಿಯ ವಚನ ಸುಶೀಲಾ ಕಂಠದಲ್ಲಿ ಮನೆಮನೆ ಸೇರಿತು.

1974ರ ‘ಸಂಪತ್ತಿಗೆ ಸವಾಲ್’ ಇನ್ನೊಂದು ತಿರುವು. ಜಿ.ಕೆ. ವೆಂಕಟೇಶ್ ಅವರ ಒತ್ತಾಸೆಯಿಂದ ರಾಜ್‌ಕುಮಾರ್ ತಮ್ಮ ಪಾತ್ರಕ್ಕೆ ತಾವೇ ಹಾಡಿದರು. ‘ಓಹಿಲೇಶ್ವರ’, ‘ಮಹಿಷಾಸುರ ಮರ್ದಿನಿ’ಗಳಲ್ಲಿ ಹಿಂದೆಯೇ ಒಂದೊಂದು ಸಲ ಹಾಡಿದ್ದರೂ, ನಟನೇ ಗಾಯಕನಾಗಿ ನಿಂತದ್ದು ಇಲ್ಲಿಂದ. ‘ಜೀವನ ಚೈತ್ರ’ದ ಗಾಯನಕ್ಕೆ ಅವರಿಗೆ 1992ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ರಂಗಭೂಮಿಯ ಏರುದನಿ ಕೇಳಿ ಬೆಳೆದ ಉತ್ತರದ ಜನಕ್ಕೆ ಆ ಕಂಠ ಕಂಪನಿ ನಾಟಕದ ಮುಂದುವರಿಕೆಯಂತೆಯೇ ಕೇಳಿಸಿತು.

ರೇಡಿಯೊ ಮತ್ತು ಪದ್ಯಾವಳಿ

ಪ್ಲೇಟು ಕೊಳ್ಳುವ ಶಕ್ತಿ ಇಲ್ಲದವರಿಗೆ ರೇಡಿಯೊ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಹಾಕಿದರು. ಕೇಳುಗರು ರೇಡಿಯೊ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಹಿಂದಿ ಹಾಡುಗಳನ್ನು ಹೈದರಾಬಾದ್ ಕರ್ನಾಟಕದ ಚಹಾ ಅಂಗಡಿಗಳವರೆಗೆ ತಂದಿತು. ಉರ್ದು ಬಲ್ಲ ಈ ಸೀಮೆಗೆ ಅದು ಪರಭಾಷೆ ಎನಿಸಲೇ ಇಲ್ಲ. ತನ್ನ ತಪ್ಪನ್ನು ಅರಿತ ಸರ್ಕಾರ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭಿಸಿತು. ಕನ್ನಡಕ್ಕೆ ಇಲ್ಲಿನವರು ಧಾರವಾಡ ಕೇಂದ್ರವನ್ನು, ಮುಂದೆ ಕಲಬುರಗಿಯನ್ನು, ಆಮೇಲೆ ರಾಯಚೂರಿನದೇ ಆಕಾಶವಾಣಿಯನ್ನು ಹಿಡಿದರು. ಕೋರಿಕೆ ಕಾರ್ಯಕ್ರಮಕ್ಕೆ ಪೋಸ್ಟ್ ಕಾರ್ಡು ಬರೆದು, ಹಾಡಿಗಿಂತ ಮೊದಲು ಓದುವ ಹೆಸರುಗಳ ಪಟ್ಟಿಯಲ್ಲಿ ತಮ್ಮ ಊರಿನ ಹೆಸರು ಕೇಳುವುದೇ ಒಂದು ಸಂಭ್ರಮವಾಗಿತ್ತು.

ಇನ್ನೊಂದು ವಾಹನದ ಬಗ್ಗೆ ಚಿತ್ರೇತಿಹಾಸಗಳು ಕಡಿಮೆ ಹೇಳುತ್ತವೆ. ಅದು ಟಾಕೀಸಿನ ಬಾಗಿಲಲ್ಲಿ ಪುಡಿಗಾಸಿಗೆ ಮಾರುತ್ತಿದ್ದ ಪದ್ಯಾವಳಿ. ಕಥೆಯನ್ನು ‘ಮುಂದಿನದನ್ನು ತೆರೆಯ ಮೇಲೆ ನೋಡಿ’ ಎಂದು ನಡುವೆ ನಿಲ್ಲಿಸಿ, ಹಾಡುಗಳನ್ನು ಪೂರ್ತಿ ಅಚ್ಚು ಹಾಕಿದ ತೆಳು ಪುಸ್ತಕ. ಧಾಟಿ ರೇಡಿಯೊದಿಂದ, ಅಕ್ಷರ ಪದ್ಯಾವಳಿಯಿಂದ. ಎರಡೂ ಕೂಡಿದಾಗ ಹಾಡು ಊರಿನದಾಗುತ್ತಿತ್ತು. ಭಜನಾ ಮಂಡಳಿಗಳು, ಊರ ನಾಟಕದ ಮಾಸ್ತರರು ಆ ಧಾಟಿಗೆ ತಮ್ಮ ಮಾತು ಕೂಡಿಸಿದರು. ಹಳ್ಳಿಯ ಭಜನೆ ಪುಸ್ತಕಗಳಲ್ಲಿ, ನಾಟಕದ ಪ್ರತಿಗಳಲ್ಲಿ ಹಾಡಿನ ತಲೆಯ ಮೇಲೆ ಧಾಟಿ ಎಂದು ಬರೆದು ಸಿನಿಮಾ ಹಾಡಿನ ಹೆಸರು ಕೊಡುವ ಪದ್ಧತಿ ಇದ್ದೇ ಇದೆ. ಸಿನಿಮಾ ಜನಪದದಿಂದ ತೆಗೆದುಕೊಂಡದ್ದನ್ನು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಜನಪದ ಸಿನಿಮಾದಿಂದ ತೆಗೆದುಕೊಂಡದ್ದರ ಲೆಕ್ಕ ಇನ್ನೂ ಆಗಬೇಕು.

ಯಾರ ಕನ್ನಡ?

ಮದ್ರಾಸಿನಲ್ಲಿ ಕುಳಿತು ಬರೆದ ಚಿತ್ರಗೀತೆಯ ಭಾಷೆ ಹಳೆ ಮೈಸೂರಿನ ಶಿಷ್ಟ ಕನ್ನಡ, ಅದರ ಮೇಲೆ ನವೋದಯ ಕಾವ್ಯದ ಹೊಳಪು. ನವೋದಯದವರ ಕವಿತೆಗಳೇ ನೇರ ಬಂದದ್ದೂ ಉಂಟು. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967) ಬೇಂದ್ರೆಯವರ ಬೆಳಗಿನ ಕವಿತೆಯನ್ನು ತೆರೆಗೆ ತಂದಿತು. ಧಾರವಾಡದ ಕವಿ ಹಾಗೆ ಒಳಬಂದರೂ ಧಾರವಾಡ, ಕಲಬುರಗಿ, ರಾಯಚೂರಿನ ಆಡುಮಾತು ಬರಲಿಲ್ಲ. ಬಂದರೆ ಹಾಸ್ಯಪಾತ್ರದ ಬಾಯಲ್ಲಿ.

ಈ ಗೋಡೆ ಒಡೆದ ಹಾಡುಗಳು ಕೆಲವು, ಬಿಡಿಬಿಡಿಯಾಗಿ ಬಂದವು. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ ಆಧರಿಸಿದ ‘ಸನಾದಿ ಅಪ್ಪಣ್ಣ’ (1977) ಉತ್ತರ ಕರ್ನಾಟಕದ ಶಹನಾಯಿ ವಾದಕನ ಕಥೆ. ಉಸ್ತಾದ್ ಬಿಸ್ಮಿಲ್ಲಾ ಖಾನ್ ಸ್ವತಃ ಅದಕ್ಕೆ ಶಹನಾಯಿ ನುಡಿಸಿದರು. ಎಸ್. ಜಾನಕಿಯವರ ಸ್ವರಪ್ರಸ್ತಾರ ಆ ವಾದ್ಯಕ್ಕೆ ಎದುರಾಗಿ ನಿಲ್ಲುತ್ತದೆ. ಕನ್ನಡ ಧ್ವನಿಮುದ್ರಿಕೆಗಳಲ್ಲಿ ಒಂದೇ ಒಂದನ್ನು ಆರಿಸು ಎಂದರೆ ಈ ಲೇಖಕನ ಕೈ ಇದರ ಕಡೆಗೇ ಹೋಗುತ್ತದೆ. ಆದರೂ ಅಲ್ಲಿ ಉತ್ತರದ ಮಾತಿಗಿಂತ ಉತ್ತರದ ರಾಗವೇ ಹೆಚ್ಚು. ಮಾತನ್ನೂ ತಂದವರು ಚಂದ್ರಶೇಖರ ಕಂಬಾರ. ಬೆಳಗಾವಿ ಸೀಮೆಯ ಅವರ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಬಯಲುಸೀಮೆಯ ಹಾಡಿಗೆ ಮಲೆನಾಡಿನ ಕಂಠ ಒಪ್ಪಿದ್ದು ಸೋಜಿಗವೇ ಸರಿ. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990), ‘ನಾಗಮಂಡಲ’ (1997) ಎರಡಕ್ಕೂ ಸಿ. ಅಶ್ವಥ್ ಸಂಗೀತ. ತತ್ವಪದಗಳು ರಾತ್ರಿಯಿಡೀ ನಡೆಯುವ ರಾಯಚೂರು ಸೀಮೆಯಲ್ಲಿ ಶರೀಫರ ಪದಗಳೇನೂ ಹೊಸವಲ್ಲ. ಅಶ್ವಥ್ ಹಾಡಿದ ಮೇಲೆ ಮಾತ್ರ ತತ್ವಪದದವರೇ ಆ ವರಸೆ ಹಿಡಿಯತೊಡಗಿದರು, ಹಳೆಯ ಧಾಟಿಗಳು ಕೆಲವು ಹಿಂದೆ ಸರಿದವು. ಇದು ಲಾಭವೂ ಹೌದು, ನಷ್ಟವೂ ಹೌದು.

‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಮಾತು ಬೇರೆ. 1995ನೇ ಸಾಲಿನಲ್ಲಿ ಹಂಸಲೇಖ ಅವರಿಗೆ ಸಂಗೀತ ನಿರ್ದೇಶನಕ್ಕೂ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ತಂದ ಚಿತ್ರ ಅದು. ಗದಗಿನ ಗವಾಯಿಗಳ ಪರಂಪರೆ ಇಡೀ ಉತ್ತರ ಕರ್ನಾಟಕಕ್ಕೆ ಹಿಂದೂಸ್ತಾನಿ ಸಂಗೀತವನ್ನು ಹಂಚಿದ್ದು. ರಾಯಚೂರಿನ ಜಿಲ್ಲಾ ರಂಗಮಂದಿರಕ್ಕೆ ಹೆಸರು ಕೊಟ್ಟಿರುವ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರೂ ಹಿಂದೂಸ್ತಾನಿ ಗಾಯಕರೇ. ಖಯಾಲಿನ ರುಚಿ ಹತ್ತಿದ ಊರು ಚಿತ್ರಗೀತೆಯನ್ನೂ ಆ ಕಿವಿಯಿಂದಲೇ ಅಳೆಯುತ್ತದೆ. ಕಲಾತ್ಮಕ ಚಿತ್ರಗಳ ಸಂಗೀತ ಈ ಸೀಮೆಯಲ್ಲಿ ಅಷ್ಟು ಓಡಾಡಲಿಲ್ಲ. ‘ಋಷ್ಯಶೃಂಗ’, ‘ಘಟಶ್ರಾದ್ಧ’ಗಳಿಗೆ ಬಿ.ವಿ. ಕಾರಂತರಿಗೆ, ‘ಹಂಸಗೀತೆ’ಯ ಗಾಯನಕ್ಕೆ ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಇಲ್ಲಿನವರಿಗೆ ಪತ್ರಿಕೆಯ ಸುದ್ದಿಯಷ್ಟೇ.

ಕ್ಯಾಸೆಟ್ಟಿನ ದಿನಗಳು

ಕ್ಯಾಸೆಟ್ಟು ಬಂದದ್ದೇ ಲೆಕ್ಕವೆಲ್ಲ ತಲೆಕೆಳಗಾಯಿತು. ಕನ್ನಡದಲ್ಲಿ ಸುಗಮ ಸಂಗೀತದ ಮೊದಲ ಕ್ಯಾಸೆಟ್ಟು ಎಂದು ಹೆಸರಾದದ್ದು ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’, 1978. ಎಂಬತ್ತರ ದಶಕದಲ್ಲಿ ಲಹರಿ, ಸಂಗೀತಾ ಮೊದಲಾದ ಕಂಪನಿಗಳು ಬೆಂಗಳೂರಿನಿಂದಲೇ ವ್ಯಾಪಾರ ನಡೆಸಿದವು. ದೊಡ್ಡ ಗ್ರಾಮಫೋನ್ ಕಂಪನಿಯ ಏಕಸ್ವಾಮ್ಯ ಮುರಿಯಿತು. ಶಂಕರ್‌ನಾಗ್, ಅನಂತನಾಗ್ ಸೋದರರ ಸಂಕೇತ್ ಸ್ಟುಡಿಯೊ ಧ್ವನಿಮುದ್ರಣವನ್ನೂ ಬೆಂಗಳೂರಿಗೆ ಎಳೆಯಿತು.

1987ರ ‘ಪ್ರೇಮಲೋಕ’ ಈ ಯುಗದ ಮೈಲಿಗಲ್ಲು. ಸಾಹಿತ್ಯ, ಸಂಗೀತ ಎರಡೂ ಹಂಸಲೇಖರದು. ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಸುರುವಾಯಿತೆಂದು ತಿಳಿಯದಂತೆ ಕಾಲೇಜು ಹುಡುಗರ ಸಂಭಾಷಣೆಯೇ ಹಾಡಾಯಿತು. ಲಹರಿ ತಂದ ಈ ಕ್ಯಾಸೆಟ್ಟು ಸಿನಿಮಾದ ಹಂಗಿಲ್ಲದೆ ಓಡಿತು. ಆ ಮೇಲೆ ನಿರ್ಮಾಪಕರು ಆಡಿಯೊ ಹಕ್ಕನ್ನು ಪೋಸ್ಟರಿನ ಖರ್ಚಿನ ಸಾಲಿನಿಂದ ತೆಗೆದು ಬಂಡವಾಳದ ಸಾಲಿಗೆ ಬರೆದುಕೊಂಡರು. ಶಿಷ್ಟ ಕಾವ್ಯದ ಭಾಷೆಗೂ ಅಲ್ಲಿಗೆ ಬೀಗ ಬಿತ್ತು. ಹಂಸಲೇಖರನ್ನು ಕಾವ್ಯ ಕೆಡಿಸಿದವರೆಂದು ಬೈಯುವ ಹಿರಿಯರು ಇಂದಿಗೂ ಇದ್ದಾರೆ. ಆಡುಮಾತಿಗೆ ಬಾಗಿಲು ತೆಗೆದವರು ಅವರೇ ಎಂಬುದು ಆ ಬೈಗುಳದಲ್ಲಿ ಮುಚ್ಚಿಹೋಗುತ್ತದೆ. ತೆಗೆದ ಬಾಗಿಲಲ್ಲಿ ಮೊದಲು ಒಳಬಂದದ್ದು ಬೆಂಗಳೂರು, ಮಂಡ್ಯದ ಮಾತು ಎನ್ನುವುದು ಬೇರೆ ವಿಷಯ.

ಇಲ್ಲಿ ರಾಯಚೂರು ಸೀಮೆಗೆ ಇನ್ನೊಂದು ಅನುಕೂಲವಾಯಿತು. ಟೇಪ್ ರಿಕಾರ್ಡರು ಕೇಳಿಸುವುದಷ್ಟೇ ಅಲ್ಲ, ತುಂಬಿಸಿಕೊಳ್ಳುವ ಯಂತ್ರ. ತತ್ವಪದ, ಗೀಗೀ ಪದ, ಮೊಹರಮ್ಮಿನ ಅಲಾಯಿ ಪದ, ಸಣ್ಣಾಟ, ದೊಡ್ಡಾಟಗಳು ಕ್ಯಾಸೆಟ್ಟಿಗೆ ಇಳಿದು ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಸಿನಿಮಾ ಕ್ಯಾಸೆಟ್ಟಿನ ಪಕ್ಕದಲ್ಲೇ ನಿಂತವು. ಉತ್ತರದ ಮಾತಿಗೆ ಮಾರುಕಟ್ಟೆ ಇದೆ ಎಂದು ತೋರಿಸಿದ್ದು ಈ ಅಂಗಡಿ. ಬೆಂಗಳೂರಿಗೆ ಅದು ಕಾಣಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ‘ಜನುಮದ ಜೋಡಿ’ (1996) ಮೂಲಕ ವಿ. ಮನೋಹರ್ ಜನಪದದ ಲಯ ತಂದರು, ಅದು ದಕ್ಷಿಣದ ಹಳ್ಳಿಯದು. ಗಡಿಯಲ್ಲಿ ನವೆಂಬರ್ 1ರ ಮೆರವಣಿಗೆಗೆ ‘ಆಕಸ್ಮಿಕ’ (1993) ಚಿತ್ರದ ನಾಡಹಾಡು ಬೇಕೇಬೇಕು. ಹಂಸಲೇಖ ಬರೆದು ರಾಜ್‌ಕುಮಾರ್ ಹಾಡಿದ ಅದನ್ನು ಮನೆಯಲ್ಲಿ ತೆಲುಗು ಆಡುವ ಹುಡುಗರೂ ಗಂಟಲು ಹರಿಯುವಂತೆ ಹಾಡುತ್ತಾರೆ.

ಸಿ.ಡಿ.ಯಿಂದ ಮೊಬೈಲಿಗೆ

ಎಂ.ಪಿ.3 ತಟ್ಟೆ ಬಂದಾಗ ನೂರಕ್ಕೂ ಹೆಚ್ಚು ಹಾಡು ಒಂದೇ ಸಿ.ಡಿ.ಗೆ ಹಿಡಿಸಿದವು, ಕಳ್ಳಪ್ರತಿ ಸಲೀಸಾಯಿತು, ಕ್ಯಾಸೆಟ್ ಕಂಪನಿಗಳು ಸೊರಗಿದವು. ಆ ಸೊರಗಿದ ಕಾಲದಲ್ಲೇ 2006ರ ಡಿಸೆಂಬರ್ 29ರಂದು ‘ಮುಂಗಾರು ಮಳೆ’ ಬಂತು. ಮನೋಮೂರ್ತಿ ಸಂಗೀತ, ಯೋಗರಾಜ ಭಟ್, ಜಯಂತ ಕಾಯ್ಕಿಣಿ ಮೊದಲಾದವರ ಸಾಹಿತ್ಯ, ಸೋನು ನಿಗಮ್ ಕಂಠ. ಕಥೆಗಾರ ಕಾಯ್ಕಿಣಿಯವರಿಂದ ಹಾಡಿಗೆ ಮತ್ತೆ ಕಾವ್ಯ ಬಂತು. ಆದರೆ ಬಾಂಬೆಯ ಗಾಯಕರ ಉಚ್ಚಾರವನ್ನು ಪಿ.ಬಿ. ಶ್ರೀನಿವಾಸರ ಉಚ್ಚಾರದ ಪಕ್ಕದಲ್ಲಿಟ್ಟು ನೋಡಿದರೆ, ಹೊರಗಿನಿಂದ ಬಂದವರೆಲ್ಲ ಒಂದೇ ತರ ಕಲಿತು ಹಾಡಲಿಲ್ಲ ಎಂದು ಹೇಳಲೇಬೇಕಾಗುತ್ತದೆ.

ಕಾನೂನಿನ ಬದಲಾವಣೆಯೂ ಈ ಕಾಲದ್ದು. 1977ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಚಿತ್ರಕ್ಕೆ ಬರೆಸಿದ ಹಾಡಿನ ಹಕ್ಕು ಸಾಮಾನ್ಯವಾಗಿ ನಿರ್ಮಾಪಕನದು. 2012ರ ಹಕ್ಕುಸ್ವಾಮ್ಯ ತಿದ್ದುಪಡಿ, ಹಾಡು ಸಿನಿಮಾದ ಹೊರಗೆ ಬಳಕೆಯಾದರೆ ಬರೆದವರಿಗೂ ರಾಗ ಹಾಕಿದವರಿಗೂ ಗೌರವಧನದ ಪಾಲು ಕಡ್ಡಾಯ ಮಾಡಿತು. ಹಳೆಯ ಗೀತರಚನೆಕಾರರಲ್ಲಿ ಹೆಚ್ಚಿನವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಯೂಟ್ಯೂಬು ಬಂದಮೇಲೆ ಉತ್ತರದ ಮಾತಿನ ಸರದಿ. 2018ರ ‘ರ‍್ಯಾಂಬೊ 2’ ಚಿತ್ರದ ‘ಚುಟು ಚುಟು’ ಹಾಡು ಅಚ್ಚ ಉತ್ತರ ಕರ್ನಾಟಕದ ಗಂಡು ಹೆಣ್ಣಿನ ಜಗಳದ ಧಾಟಿಯದು. ಸಂಗೀತ ಅರ್ಜುನ್ ಜನ್ಯ, ಸಾಹಿತ್ಯ ಶಿವು ಭೇರ್ಗಿ, ಹಾಡಿದವರು ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್. ಯೂಟ್ಯೂಬಿನಲ್ಲಿ ಹತ್ತು ಕೋಟಿ ವೀಕ್ಷಣೆ ದಾಟಿದ ಮೇಲೆ ಈ ಮಾತು ಹಾಸ್ಯಕ್ಕಷ್ಟೇ ಎಂದು ಹೇಳುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಅದೇ ವರ್ಷದ ಕೊನೆಗೆ ‘ಕೆ.ಜಿ.ಎಫ್.’ ರವಿ ಬಸ್ರೂರು ಸಂಗೀತದೊಂದಿಗೆ ಐದು ಭಾಷೆಗಳಲ್ಲಿ ಬಂತು. 2022ರ ‘ಕಾಂತಾರ’ಕ್ಕೆ ಅಜನೀಶ್ ಲೋಕನಾಥ್ ಕರಾವಳಿಯ ದೈವಾರಾಧನೆಯ ನಾದ ತಂದರು. ತೆಲುಗು ಹಾಡಿನ ಎದುರು ಕನ್ನಡದ ಹಾಡು ಹೆಣಗುತ್ತಿದ್ದ ರಾಯಚೂರಿನ ಗಡಿಯಲ್ಲಿ ಈಗ ಕನ್ನಡದ ಹಾಡೇ ತೆಲುಗಿನಲ್ಲಿ ಕೇಳಿಸುತ್ತದೆ.

ಇಷ್ಟಾಗಿಯೂ ಮಾನ್ವಿಯ ಭತ್ತದ ಸೀಮೆಯ ಟ್ರ್ಯಾಕ್ಟರಿನಲ್ಲಿ, ದೇವದುರ್ಗದ ಟಂಟಂ ಗಾಡಿಯಲ್ಲಿ ಇವತ್ತು ಬಡಿಯುವ ಹಾಡು ಬಹುತೇಕ ಸಿನಿಮಾದ್ದಲ್ಲ. ಬಾಳು ಬೆಳಗುಂದಿಯಂಥ ಗಾಯಕರು ಹಾಡಿದ, ‘ಲವ್ ಫೀಲಿಂಗ್ ಜಾನಪದ’ ಎಂಬ ಹಣೆಪಟ್ಟಿಯಲ್ಲಿ ಬರುವ ಹಾಡುಗಳು ಅವು. ಚಿತ್ರ ಬೇಡ, ನಿರ್ಮಾಪಕ ಬೇಡ, ಒಂದು ಕೀಬೋರ್ಡು, ಒಂದು ಮೈಕು ಸಾಕು. ಹಳೆಯ ಜನಪದದ ಗುಣ ಇವುಗಳಲ್ಲಿ ಕಡಿಮೆ, ಚಿತ್ರಗೀತೆಯ ಲಯವೇ ಹೆಚ್ಚು. ಮಾತು ಮಾತ್ರ ಇಲ್ಲಿನದೇ. ಇತ್ತ ಮಧುಸೂದನ್ ಹವಾಲ್ದಾರ್ ‘ಶ್ರೀ ಜಗನ್ನಾಥ ದಾಸರು’ ಚಿತ್ರ ಮಾಡಿ ಮಾನ್ವಿಯ ದಾಸರ ಪದಗಳನ್ನು ಮತ್ತೆ ತೆರೆಗೆ ತಂದಿದ್ದಾರೆ.

ಮೊಬೈಲಿನಲ್ಲಿ ಹಾಡು ಹುಡುಕಿದರೆ ನಾಯಕನ ಹೆಸರು, ಗಾಯಕರ ಹೆಸರು ಸಿಗುತ್ತವೆ. ಬರೆದವರ ಹೆಸರು ಅನೇಕ ಕಡೆ ಇರುವುದಿಲ್ಲ, ಇದ್ದರೂ ತಪ್ಪಿರುತ್ತದೆ. ಅದನ್ನು ತಿದ್ದಲು ಉಳಿದಿರುವ ದಾಖಲೆಗಳೆಂದರೆ ಪ್ಲೇಟಿನ ಚೀಟಿ, ಕ್ಯಾಸೆಟ್ಟಿನ ಒಳಹಾಳೆ ಮತ್ತು ಟಾಕೀಸಿನ ಪದ್ಯಾವಳಿ. ಮನೆಯ ಅಟ್ಟದಲ್ಲಿ ಇವು ಸಿಕ್ಕರೆ ರದ್ದಿಗೆ ತೂಗಬೇಡಿ, ಹತ್ತಿರದ ಗ್ರಂಥಾಲಯಕ್ಕೋ ಕಾಲೇಜಿಗೋ ಕೊಡಿ.